ಖಾಲಿ ಬಂದ ಬುತ್ತಿ

ಜೂನ್ ತಿಂಗಳ ಮೊದಲೆರಡು ವಾರ ಕಳೆಯಿತೆಂದರೆ ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಕೂರುವವರ ವಯಸ್ಸು ಒಮ್ಮೆಲೆ ಇಳಿಯುತ್ತದೆ. ಬೇಸಿಗೆಯಲ್ಲಿ ಮೊಣಕಾಲು ಹಿಡಿದುಕೊಂಡು ಬರುತ್ತಿದ್ದ ಹಿರಿಯರ ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಮಕ್ಕಳು ಕಾಣಿಸಿಕೊಳ್ಳುತ್ತಾರೆ. ಹೊಟ್ಟೆನೋವು, ತಲೆನೋವು, ಮಲಬದ್ಧತೆ, ಶಾಲೆಯಿಂದ ಬಂದೊಡನೆ ಚೀಲ ಒಗೆದು ಮಲಗಿಬಿಡುವುದು. ತಾಯಂದಿರು ಹೇಳುವ ಲಕ್ಷಣಗಳು ಬಹುಪಾಲು ಇವೇ. ಈ ಮಕ್ಕಳಲ್ಲಿ ಕೆಲವರಿಗೆ ನಿಜವಾಗಿ ರೋಗವಿರುತ್ತದೆ. ಉಳಿದ ಅನೇಕರ ತೊಂದರೆಯ ಮೂಲವು ಮಧ್ಯಾಹ್ನ ಬಿಚ್ಚುವ ಡಬ್ಬಿಯಲ್ಲಿ ಇರುತ್ತದೆ ಎಂಬುದನ್ನು ನಾನು ವೃತ್ತಿಗೆ ಬಂದ ಬಹುಕಾಲದ ಮೇಲೆ, ಅದೂ ಒಂದು ತಪ್ಪು ಮಾಡಿ, ಕಲಿತುಕೊಂಡೆ.

ಡಬ್ಬಿ, ಟಿಫಿನ್ ಬಾಕ್ಸ್ ಎಂಬ ಮಾತುಗಳು ಬರುವ ಮುನ್ನ ನಮ್ಮಲ್ಲಿ ಬುತ್ತಿ ಎಂಬ ಶಬ್ದವಿತ್ತು. ಹೊಲಕ್ಕೆ ಹೋಗುವವರಿಗೆ, ಜಾತ್ರೆಗೆ ನಡೆದು ಹೊರಟವರಿಗೆ, ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ಹೋಗುವ ಬಂಡಿಗೆ ಕಟ್ಟುತ್ತಿದ್ದುದು ಬುತ್ತಿ. ರೊಟ್ಟಿ, ಕಾಳುಪಲ್ಲೆ, ಒಂದೆರಡು ಬಗೆಯ ಹಿಂಡಿ, ಉಳ್ಳಾಗಡ್ಡಿ, ಗಟ್ಟಿ ಮೊಸರು. ಹೊತ್ತು ಮೀರಿದರೂ ಕೆಡದಂತಹದು, ಕೈಯಲ್ಲಿ ಹಿಡಿದು ತಿನ್ನಬಹುದಾದುದು, ದುಡಿಯುವ ದೇಹಕ್ಕೆ ಸಾಲುವಂತಹದು. ಈ ಮೂರು ಗುಣಗಳನ್ನು ಅಕ್ಷರ ಬಾರದ ನಮ್ಮ ಅಜ್ಜಿಯರು ಯಾರಿಂದಲೂ ಕೇಳದೆ ಬಲ್ಲವರಾಗಿದ್ದರು. ಇಂದು ಶಾಲೆಗೆ ಹೋಗುವ ಡಬ್ಬಿಗೂ ಬೇಕಾದುದು ಇವೇ ಮೂರು. ನಾಲ್ಕನೆಯದೊಂದು ಗುಣವೂ ಬೇಕು. ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ಎರಡು ವರ್ಷಗಳ ಹಿಂದೆ 9 ವರ್ಷದ ಹುಡುಗಿಯೊಬ್ಬಳನ್ನು ಆಕೆಯ ತಾಯಿ ಕರೆತಂದರು. ನಾಲ್ಕನೆಯ ತರಗತಿ. ತಾಯಿ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದವರು. ನಸುಕಿನಲ್ಲಿ ಎದ್ದು, ಅಡುಗೆ ಮುಗಿಸಿ, ಮಗಳನ್ನು ಶಾಲೆಯ ವಾಹನಕ್ಕೆ ಹತ್ತಿಸಿ, ಆಮೇಲೆ ತಾವು ಹೊರಡುವವರು.

“ಡಾಕ್ಟರ್ ಸಾಹೇಬ್ರ, ದಿನಾ ಸಾಲಿ ಬಿಟ್ಟು ಬರೂದ್ರಾಗ ಹೊಟ್ಟಿನೋವು ಅಂತಾಳ್ರಿ. ರಾತ್ರಿ ಉಣ್ಣಾಕ ಕುಂತ್ರ ಎರಡು ತುತ್ತಿಗೆ ಸಾಕಂತಾಳ. ನಿದ್ದಿ ಮಾತ್ರ ಭಾಳ” ಎಂದರು.

ಹೊಟ್ಟೆ ಮುಟ್ಟಿ ನೋಡಿದೆ, ನಾಲಗೆ ನೋಡಿದೆ. ಅಗ್ನಿಮಾಂದ್ಯವೆಂದು ತೀರ್ಮಾನಿಸಿ, ಹಿಂಗ್ವಷ್ಟಕ ಚೂರ್ಣವನ್ನು ತುಪ್ಪದೊಡನೆ ಮೊದಲ ತುತ್ತಿನಲ್ಲಿ ಕೊಡುವಂತೆ ಹೇಳಿ ಕಳುಹಿಸಿದೆ. ಹೊರಗಿನ ತಿಂಡಿ ಕೊಡಬೇಡಿರೆಂದು ಎಲ್ಲರಿಗೂ ಹೇಳುವಂತೆ ಅವರಿಗೂ ಹೇಳಿದೆ. ತಿಂಗಳು ಬಿಟ್ಟು ಬಂದರು, ಗುಣ ಕಾಣಲಿಲ್ಲ. ಔಷಧ ಬದಲಿಸಿದೆ. ಮತ್ತೊಂದು ತಿಂಗಳ ಮೇಲೆ ಬಂದಾಗಲೂ ಅದೇ ಮಾತು. ಆ ಸಲ ತಾಯಿ ಎದ್ದು ಹೊರಡುವಾಗ, ಬಾಗಿಲ ಬಳಿ ನಿಂತು, ದೊಡ್ಡ ಸಂಗತಿಯಲ್ಲವೆಂಬಂತೆ ನಗುತ್ತ, “ಒಂದೊಂದ್ಸಲ ಬಳಪ ತಿಂತಾಳ್ರಿ. ನಾನೂ ಸಣ್ಣಾಕಿದ್ದಾಗ ತಿಂತಿದ್ದೆ” ಎಂದರು.

ಮಣ್ಣು ತಿನ್ನುವುದರಿಂದ ಬರುವ ಪಾಂಡುರೋಗವನ್ನು ಚರಕಸಂಹಿತೆಯು ಪಾಂಡುವಿನ ಐದು ಬಗೆಗಳಲ್ಲಿ ಒಂದಾಗಿ ಎಣಿಸುತ್ತದೆ. ರಕ್ತಹೀನತೆ ಇರುವ ಮಕ್ಕಳಿಗೆ ಮಣ್ಣು, ಸುಣ್ಣ, ಬಳಪಗಳ ಮೇಲೆ ಆಸೆ ಹುಟ್ಟುತ್ತದೆ ಎಂಬುದನ್ನು ಇಂದಿನ ವೈದ್ಯವೂ ಒಪ್ಪುತ್ತದೆ. ಇದು ಬಿ.ಎ.ಎಂ.ಎಸ್. ಓದುವ ಯಾವ ವಿದ್ಯಾರ್ಥಿಗೂ ಗೊತ್ತಿರಬೇಕಾದ ಪಾಠ. ಹುಡುಗಿಯ ಕೆಳರೆಪ್ಪೆ ಎಳೆದು ನೋಡಿದೆ, ಹತ್ತಿಯಂತೆ ಬೆಳ್ಳಗಿತ್ತು. ಮೊದಲ ದಿನವೇ ನೋಡಬೇಕಾಗಿದ್ದ ಜಾಗ ಅದು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಬಂತು. 5ರಿಂದ 11 ವರ್ಷದ ಮಕ್ಕಳಲ್ಲಿ ಅದು 11.5ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ. ಎರಡು ತಿಂಗಳು ನಾನು ಆ ಮಗುವಿಗೆ ಹಸಿವಿನ ಚೂರ್ಣ ನುಂಗಿಸಿದ್ದೆ.

ಅಂದೇ ಮಕ್ಕಳ ತಜ್ಞರ ಬಳಿಗೆ ಕಳುಹಿಸಿದೆ. ಅವರು ಜಂತುವಿನ ಮಾತ್ರೆಯನ್ನೂ ಕಬ್ಬಿಣಾಂಶದ ಔಷಧವನ್ನೂ ಬರೆದುಕೊಟ್ಟರು. ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹಿಮೋಗ್ಲೋಬಿನ್ ಇಷ್ಟು ಇಳಿದ ಮಗುವನ್ನು ಬರೀ ಆಹಾರದಿಂದ, ಅಥವಾ ಅಂಗಡಿಯಲ್ಲಿ ಕೇಳಿ ತಂದ ಲೋಹಭಸ್ಮದಿಂದ ಸರಿಪಡಿಸಲು ಹೊರಡಬಾರದು.

ಆದರೆ ರಕ್ತ ಇಳಿದುದೇಕೆ? ತಾಯಿಯನ್ನು ಬುತ್ತಿಯ ವಿಷಯ ಕೇಳಿದೆ. ಅವರು ಹೇಳಿದ ಪಟ್ಟಿ ಕೇಳಿ ನನಗೆ ನಾಚಿಕೆಯಾಯಿತು. ಜೋಳದ ರೊಟ್ಟಿ, ಮೆಂತ್ಯದ ಪಲ್ಲೆ, ಹೆಸರುಕಾಳಿನ ಉಸಳಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಕೆಲವು ದಿನ ತಾಲಿಪಟ್ಟು. ನಾನು ಬರೆದುಕೊಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ. “ಡಬ್ಬಿ ದಿನಾ ಖಾಲಿ ಬರ್ತದ್ರಿ” ಎಂದರು, ತುಸು ಅಭಿಮಾನದಿಂದಲೇ.

ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯನ್ನು ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಜ್ಜಾ, ಅವ್ವಗ ಹೇಳಬ್ಯಾಡ್ರಿ. ಗ್ವಾಡಿ ಹಿಂದ ನಾಯಿಗೆ ಹಾಕ್ತೀನ್ರಿ” ಎಂದಳು. ಏಕೆಂದು ಕೇಳಿದರೆ, “ನಾ ಡಬ್ಬಿ ತಗದ್ರ ಎಲ್ಲಾರೂ ಮೂಗು ಮುಚ್ಕೋತಾರ್ರಿ. ಕರ್ರಗ ಐತಿ, ಎತ್ತಿಗೆ ಹಾಕೂ ಹಿಂಡಿ ಅದು ಅಂತಾರ.”

ತಾಯಿಗೆ ಹೇಳದೆ ಇರಲು ಸಾಧ್ಯವಿರಲಿಲ್ಲ. ಬೈಯದಂತೆ ಹೇಳುತ್ತೇನೆಂದು ಮಗುವನ್ನು ಒಪ್ಪಿಸಿ ಹೇಳಿದೆ. ಆ ತಾಯಿ ಮಗಳನ್ನು ಬೈಯಲಿಲ್ಲ, ನನ್ನೆದುರಿಗೇ ಅತ್ತರು. ನಸುಕಿನಲ್ಲಿ ಎದ್ದು ತಟ್ಟಿದ ರೊಟ್ಟಿ ತಿಂಗಳುಗಟ್ಟಲೆ ನಾಯಿಯ ಪಾಲಾಗಿತ್ತು.

ಶಾಸ್ತ್ರ ಹೇಳಿದ ಎಂಟನೆಯ ಮಾತು

ಆಹಾರವನ್ನು ನಿರ್ಣಯಿಸುವಾಗ ಎಂಟು ಸಂಗತಿಗಳನ್ನು ನೋಡಬೇಕೆಂದು ಚರಕಸಂಹಿತೆಯ ವಿಮಾನಸ್ಥಾನ ಹೇಳುತ್ತದೆ. ದ್ರವ್ಯದ ಸಹಜ ಗುಣ, ಅದನ್ನು ಸಂಸ್ಕರಿಸಿದ ಬಗೆ, ಯಾವುದರೊಡನೆ ಬೆರೆಸಿದೆ ಎಂಬುದು, ಪ್ರಮಾಣ, ದೇಶ, ಕಾಲ, ಉಣ್ಣುವ ಕ್ರಮ, ಕೊನೆಗೆ ಉಣ್ಣುವವನು. ನಾವು ವೈದ್ಯರು ಮೊದಲ ಆರನ್ನು ಕುರಿತು ಗಂಟೆಗಟ್ಟಲೆ ಮಾತಾಡುತ್ತೇವೆ. ಕೊನೆಯ ಎರಡನ್ನು ಹೆಸರಿಸಿ ಮುಗಿಸುತ್ತೇವೆ. ಉಣ್ಣುವ ಕ್ರಮವನ್ನು ವಿವರಿಸುವಾಗ ಆಚಾರ್ಯರು ಬಿಸಿಯಾಗಿ, ಸ್ನಿಗ್ಧವಾಗಿ, ಮಿತವಾಗಿ ಎನ್ನುವುದರ ಜೊತೆಗೆ, ಮನಸ್ಸಿಗೆ ಇಷ್ಟವಾದ ಸ್ಥಳದಲ್ಲಿ, ಅತಿ ಅವಸರವಿಲ್ಲದೆ, ಮನಸ್ಸಿಟ್ಟು ಉಣ್ಣಬೇಕು ಎಂದೂ ಹೇಳಿದ್ದಾರೆ. ಮೂಗು ಮುಚ್ಚಿಕೊಂಡ ಹತ್ತು ಮಕ್ಕಳ ನಡುವೆ ಡಬ್ಬಿ ಬಿಚ್ಚುವ ಮಗುವಿಗೆ ಇಷ್ಟವಾದ ಸ್ಥಳ ಯಾವುದು? ನಾನು ಮೇಲೆ ಹೇಳಿದ ನಾಲ್ಕನೆಯ ಗುಣ ಇದೇ. ಬುತ್ತಿಯು ಗೆಳೆಯರೆದುರಿಗೆ ಮಗು ನಾಚಿಕೆಯಿಲ್ಲದೆ ತೆರೆಯುವಂತಹದಾಗಿರಬೇಕು.

ಇದನ್ನು ಕೇಳಿ ಕೆಲವರು, ಹಾಗಾದರೆ ಮಕ್ಕಳು ಕೇಳಿದ ನೂಡಲ್ಸನ್ನೂ ಬ್ರೆಡ್ ಜಾಮನ್ನೂ ಕಟ್ಟಬೇಕೇ ಎಂದು ಕೇಳುತ್ತಾರೆ. ಬೇಡ. ಮೈದಾ, ಉಪ್ಪು, ಸಕ್ಕರೆ ಇವು ಮೂರರಿಂದ ಹೊಟ್ಟೆ ತುಂಬಿದಂತೆ ಆಗುತ್ತದೆ, ಎರಡು ತಾಸಿನಲ್ಲಿ ಮತ್ತೆ ಹಸಿವು. ಬೇಕಾಗಿರುವುದು ನಮ್ಮ ಧಾನ್ಯ, ನಮ್ಮ ಕಾಳುಗಳನ್ನೇ ಮಗುವಿನ ಕಣ್ಣಿಗೂ ಕೈಗೂ ಒಗ್ಗುವಂತೆ ಬದಲಿಸುವುದು. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ದ್ರವ್ಯ ಅದೇ, ಸಂಸ್ಕಾರ ಬೇರೆ.

ಮೊದಲು ಹೊತ್ತಿನ ಲೆಕ್ಕ ನೋಡೋಣ. ದೂರದ ಶಾಲೆಗೆ ಹೋಗುವ ಮಗು ಬೆಳಿಗ್ಗೆ 7.30ಕ್ಕೆ ಮನೆ ಬಿಡುತ್ತದೆ. ಆ ಹೊತ್ತಿಗೆ ಅದಕ್ಕೆ ಹಸಿವು ಹುಟ್ಟಿರುವುದಿಲ್ಲ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಚಹಾ, ಟೋಸ್ಟ್ ಇಲ್ಲವೇ ಖಾರಿ ಕೊಟ್ಟು ಕಳುಹಿಸುತ್ತಾರೆ. ಮಧ್ಯಾಹ್ನ 12.30ಕ್ಕೆ ಡಬ್ಬಿ, ಸಂಜೆ 4.30ಕ್ಕೆ ಮನೆ. ಬೆಳಗಿನಿಂದ ಸಂಜೆಯವರೆಗಿನ 9 ತಾಸುಗಳಲ್ಲಿ ಮಗು ನೆಚ್ಚಿಕೊಂಡಿರುವುದು ಆ ಒಂದು ಡಬ್ಬಿಯನ್ನು ಮಾತ್ರ. ಅದು ನಾಯಿಯ ಪಾಲಾದರೆ ಸಂಜೆ ಹೊಟ್ಟೆ ನೋಯದೆ ಇನ್ನೇನಾದೀತು? ಚಹಾದ ವಿಷಯದಲ್ಲಿ ನಾನು ತುಸು ಕಠಿಣ. ಆಹಾರದ ಕಬ್ಬಿಣಾಂಶವು ರಕ್ತಕ್ಕೆ ಸೇರುವುದನ್ನು ಚಹಾ ತಡೆಯುತ್ತದೆ. ಬೆಳೆಯುವ ಮಕ್ಕಳಿಗೆ ಅದು ಬೇಡವೇ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂತು. ಪ್ರೌಢಶಾಲೆಗೆ ಹೋಗುವ ಹುಡುಗಿಗೆ ಒಂದು ಕಪ್ಪು ಚಹಾ ಸಣ್ಣ ಸಂಗತಿಯಲ್ಲ. ಬದಲಿಗೆ ಒಂದು ಲೋಟ ಹಾಲು, ರಾಗಿ ಗಂಜಿ, ಅಥವಾ ರಾತ್ರಿ ನೆನೆಸಿದ ಶೇಂಗಾ ಒಂದು ಹಿಡಿ ಮತ್ತು ಒಂದು ತುಂಡು ಬೆಲ್ಲ. ಇಷ್ಟು ಸಾಕು.

ಈಗ ಡಬ್ಬಿಯ ಒಳಗೆ ಬರೋಣ. ಒಂದು ಧಾನ್ಯ, ಒಂದು ಕಾಳು ಅಥವಾ ಬೇಳೆ, ಒಂದು ಸೊಪ್ಪು ಅಥವಾ ಕಾಯಿಪಲ್ಲೆ, ಸ್ವಲ್ಪ ಜಿಡ್ಡು. ಇವು ನಾಲ್ಕು ಇದ್ದರೆ ಬುತ್ತಿ ತುಂಬಿತು. ಧಾನ್ಯದ ಪ್ರೋಟೀನಿನಲ್ಲಿ ಕೊರತೆಯಾದ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕೊರತೆಯಾದುದು ಧಾನ್ಯದಲ್ಲಿದೆ. ರೊಟ್ಟಿಗೆ ಉಸಳಿ, ಅನ್ನಕ್ಕೆ ಬೇಳೆ ಎಂಬ ಜೋಡಿಗಳು ಹೀಗೆಯೇ ನಿಂತವು. ಕಾಳನ್ನು ಮೊಳಕೆ ಬರಿಸಿದರೆ ಜಡತ್ವ ಕಡಿಮೆಯಾಗಿ ಕಬ್ಬಿಣಾಂಶವು ದೇಹಕ್ಕೆ ಹೆಚ್ಚು ಒದಗುತ್ತದೆ. ಅದರ ಮೇಲೆ ಅರ್ಧ ನಿಂಬೆಯ ರಸ ಹಿಂಡಿದರೆ ಇನ್ನೂ ಹೆಚ್ಚು. ಮೊಳಕೆಕಾಳನ್ನು ಮಕ್ಕಳಿಗೆ ಹಸಿಯಾಗಿ ಕಟ್ಟಬೇಡಿ. ಒಗ್ಗರಣೆಯಲ್ಲಿ ಬೇಯಿಸಿ, ಇಂಗು ಜೀರಿಗೆ ಹಾಕಿ.

ಜೋಳದ ರೊಟ್ಟಿಯ ಕಷ್ಟ ನನಗೆ ಗೊತ್ತಿದೆ. ಬಿಸಿ ಇರುವಾಗ ಅಮೃತ, ಮಧ್ಯಾಹ್ನದ ಹೊತ್ತಿಗೆ ಅಂಚು ಬಿರುಸಾಗಿ ಮಗುವಿನ ಪುಟ್ಟ ಕೈಗೆ ಮುರಿಯಲು ಬಾರದು. ಹಿಟ್ಟನ್ನು ಕುದಿಯುವ ನೀರಿನಲ್ಲಿ ಚೆನ್ನಾಗಿ ನಾದಿ, ಅಂಗೈಯಗಲ ತೆಳ್ಳಗೆ ತಟ್ಟಿ, ಬಿಸಿಯಿರುವಾಗಲೇ ಬೆಣ್ಣೆ ಅಥವಾ ತುಪ್ಪ ಸವರಿ, ಒಂದರ ಮೇಲೊಂದಿಟ್ಟು ಹತ್ತಿಬಟ್ಟೆಯಲ್ಲಿ ಸುತ್ತಿದರೆ ಮೆತ್ತಗೆ ಉಳಿಯುತ್ತದೆ. ನಡುವೆ ಪಲ್ಲೆ ಇಟ್ಟು ಸುರುಳಿ ಸುತ್ತಿದರೆ ಮಗು ಕೈಯಲ್ಲಿ ಹಿಡಿದು ತಿನ್ನುತ್ತದೆ, ಡಬ್ಬಿಯಲ್ಲಿ ಎಣ್ಣೆ ಹರಿಯುವುದಿಲ್ಲ. ಸುರುಳಿಗೆ ಬೇಕಾದಷ್ಟು ಮಣಿಯದಿದ್ದರೆ ಕಾಲುಭಾಗ ಗೋಧಿಹಿಟ್ಟು ಬೆರೆಸಿರಿ. ಇದಕ್ಕೆ ಮನೆಯ ಹಿರಿಯರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ.

ಇನ್ನೊಂದು ದಾರಿ ಮುಟಗಿ. ಬಿಸಿ ರೊಟ್ಟಿಯನ್ನು ಮುರಿದು, ಬೆಳ್ಳುಳ್ಳಿ, ಉಪ್ಪು, ತುಪ್ಪ ಹಾಕಿ ಕುಟ್ಟಿ ಉಂಡೆ ಕಟ್ಟುವುದು. ಮೆಣಸಿನಕಾಯಿ ಬಿಟ್ಟು ಬೆಲ್ಲ ಹಾಕಿದರೆ ಸಣ್ಣ ಮಕ್ಕಳಿಗೆ ಸಿಹಿ ಮುಟಗಿ. ಹಳೆಯ ತಿನಿಸು, ಡಬ್ಬಿಗೆ ಹೇಳಿ ಮಾಡಿಸಿದಂತಿದೆ. ತಾಲಿಪಟ್ಟೂ ಹಾಗೆಯೇ. ಜೋಳದ ಹಿಟ್ಟಿಗೆ ಸ್ವಲ್ಪ ಕಡಲೆಹಿಟ್ಟು, ಸ್ವಲ್ಪ ಗೋಧಿಹಿಟ್ಟು, ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಎಳ್ಳು, ಓಮ. ಧಾನ್ಯ, ಬೇಳೆ, ಸೊಪ್ಪು, ಜಿಡ್ಡು ನಾಲ್ಕೂ ಒಂದರಲ್ಲೇ ಬಂದವು. ಬಟ್ಟಲಿನ ಬಾಯಿಂದ ಒತ್ತಿ ಪುಟ್ಟ ಬಿಲ್ಲೆಗಳಾಗಿ ಮಾಡಿದರೆ ಮಕ್ಕಳ ಡಬ್ಬಿಯಲ್ಲಿ ಅದಕ್ಕೆ ಬಿಸ್ಕತ್ತಿನ ಮರ್ಯಾದೆ ಬರುತ್ತದೆ. ನೆನೆಸಿದ ಹೆಸರುಬೇಳೆಯನ್ನು ಅಕ್ಕಿಯೊಡನೆ ರುಬ್ಬಿ, ತುರಿದ ಗಜ್ಜರಿ ಬೆರೆಸಿ ಪಡ್ಡು ಹಾಕಬಹುದು. ದಕ್ಷಿಣದ ಕಡೆಯ ಭಕ್ತರು ರಾಗಿ ರೊಟ್ಟಿಗೆ ನುಗ್ಗೆಸೊಪ್ಪು ಬೆರೆಸುವ ತಮ್ಮ ರೂಢಿಯನ್ನು ಬಿಡಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ನವಣೆಯ ಚಿತ್ರಾನ್ನ, ಅವಲಕ್ಕಿ, ಗೋಧಿನುಚ್ಚಿನ ಉಪ್ಪಿಟ್ಟು ಇವುಗಳ ವಿಷಯ ತಾಯಂದಿರಿಗೆ ನಾನು ಹೇಳಬೇಕಾದುದಿಲ್ಲ. ಹುರಿದ ಶೇಂಗಾ ಅಥವಾ ಬೆಂದ ಬಟಾಣಿ ಒಂದು ಹಿಡಿ ಅದರಲ್ಲಿ ಬೀಳಲಿ, ಅಷ್ಟೇ.

ಹಿಂಡಿಗಳನ್ನು ಬಿಡಬಾರದು. ಗುರೆಳ್ಳಿನಲ್ಲಿ ಕಬ್ಬಿಣಾಂಶವೂ ಒಳ್ಳೆಯ ಜಿಡ್ಡೂ ಹೇರಳ. ಶೇಂಗಾದ ಕಾಲುಭಾಗದಷ್ಟು ಪ್ರೋಟೀನೇ ಇದೆ. ಆದರೆ ಒಣ ಹಿಂಡಿಯನ್ನು ಮೂಲೆಯಲ್ಲಿ ಸುರಿದು ಕಳುಹಿಸಿದರೆ ಅದು ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ತುಪ್ಪ ಅಥವಾ ಗಟ್ಟಿ ಮೊಸರಿನಲ್ಲಿ ಕಲಸಿ ರೊಟ್ಟಿಯ ಒಳಬದಿಗೆ ಸವರಿಬಿಡಿ. ಕಪ್ಪು ಕಣ್ಣಿಗೆ ಬೀಳುವುದಿಲ್ಲ, ರುಚಿ ನಾಲಗೆಗೆ ಸಿಗುತ್ತದೆ. ಶೇಂಗಾ ಕೊಳ್ಳುವಾಗ ಬೂಷ್ಟು ಹಿಡಿದ, ಕಹಿಯಾದ ಕಾಳನ್ನು ಕಣ್ಣಿಟ್ಟು ಆರಿಸಿ ಎಸೆಯಬೇಕು. ಆ ಬೂಷ್ಟಿನ ವಿಷ ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗದು. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಇಡೀ ಪುಟಾಣಿ ಕೊಡುವುದು ಅಪಾಯ. ಉಸಿರ್ನಾಳಕ್ಕೆ ಸಿಕ್ಕಿಕೊಂಡ ಕಾಳು ಜೀವಕ್ಕೇ ಮುಳುವಾಗುತ್ತದೆ. ಅಂಗನವಾಡಿ, ಎಲ್.ಕೆ.ಜಿ. ಮಕ್ಕಳಿಗೆ ಪುಡಿ ಮಾಡಿಯೇ ಕೊಡಿ. ಶೇಂಗಾ ತಿಂದು ಮೈಮೇಲೆ ದದ್ದು ಎದ್ದ, ತುಟಿ ಊದಿದ ಮಗುವಿದ್ದರೆ ಶಾಲೆಯ ಗುರುಗಳಿಗೆ ತಿಳಿಸಿಡಿ.

ಕೆಡದಂತೆ ಕಟ್ಟುವುದು

ಆತುರದಲ್ಲಿ ತಾಯಂದಿರು ಮಾಡುವ ದೊಡ್ಡ ತಪ್ಪೆಂದರೆ ಹಬೆಯಾಡುವ ಅನ್ನವನ್ನು ಡಬ್ಬಿಗೆ ತುಂಬಿ ಕೂಡಲೇ ಮುಚ್ಚುವುದು. ಹಬೆ ನೀರಾಗಿ ಅನ್ನಕ್ಕೆ ಇಳಿಯುತ್ತದೆ. ಮಧ್ಯಾಹ್ನಕ್ಕೆ ಅದು ಹಳಸಿದ ವಾಸನೆ ಬರುತ್ತದೆ. ಅಗಲ ತಟ್ಟೆಯಲ್ಲಿ ಹರಡಿ, ಹತ್ತು ನಿಮಿಷ ಆರಿಸಿ, ಆಮೇಲೆ ತುಂಬಬೇಕು. ರಾತ್ರಿಯಿಡೀ ಅಡುಗೆಮನೆಯಲ್ಲಿ ಮುಚ್ಚಿಟ್ಟ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ ಮಕ್ಕಳಿಗೆ ಕಟ್ಟುವ ರೂಢಿಯನ್ನು ಬಿಡಿರೆಂದು ಕೈಮುಗಿದು ಕೇಳುತ್ತೇನೆ. ಅಕ್ಕಿಯಲ್ಲಿ ಬೇಯಿಸಿದರೂ ಸಾಯದ ಸೂಕ್ಷ್ಮಾಣುವಿನ ಬೀಜಕಣಗಳು ಉಳಿಯುತ್ತವೆ. ಅವು ರಾತ್ರಿಯಲ್ಲಿ ಬೆಳೆದು ಬಿಟ್ಟ ನಂಜನ್ನು ಒಗ್ಗರಣೆಯ ಬಿಸಿ ಅಳಿಸಲಾರದು. ಶಾಲೆಯಲ್ಲಿ ವಾಂತಿ ಮಾಡಿಕೊಂಡು ಬಂದ ಮಕ್ಕಳಲ್ಲಿ ಹಲವರ ಡಬ್ಬಿಯಲ್ಲಿ ನಾನು ಇದನ್ನೇ ಕಂಡಿದ್ದೇನೆ. ಪರ್ಯುಷಿತ, ಅಂದರೆ ತಂಗಳು, ಬೇಡವೆಂದು ಶಾಸ್ತ್ರ ಹೇಳಿದ್ದು ಬರೀ ಮಡಿವಂತಿಕೆಯಿಂದ ಅಲ್ಲ.

ಮೊಸರನ್ನದಲ್ಲಿ ನನಗೂ ಶಾಸ್ತ್ರಕ್ಕೂ ಸಣ್ಣ ಜಗಳವಿದೆ. ಬೆಳಿಗ್ಗೆ ಅನ್ನಕ್ಕೆ ಹಾಲು ಹಾಕಿ ಒಂದು ಚಮಚೆ ಮೊಸರಿನ ಹೆಪ್ಪು ಬಿಟ್ಟು ಕಳುಹಿಸಿದರೆ ಮಧ್ಯಾಹ್ನ ಹುಳಿಯಿಲ್ಲದ ಮೊಸರನ್ನವಾಗುತ್ತದೆ. ಆದರೆ ಪೂರ್ತಿ ಹೆಪ್ಪುಗಟ್ಟದ ‘ಮಂದಕ’ ಮೊಸರನ್ನು ಆಚಾರ್ಯರು ಒಪ್ಪುವುದಿಲ್ಲ, ಅದು ಕಫಕರ, ಸ್ರೋತಸ್ಸುಗಳನ್ನು ಕಟ್ಟುವಂತಹದು ಎನ್ನುತ್ತಾರೆ. ಬಾಲ್ಯವೇ ಕಫಪ್ರಧಾನ ಕಾಲ. ಆದ್ದರಿಂದ ಮಳೆಗಾಲ, ಚಳಿಗಾಲಗಳಲ್ಲಿ, ಮೂಗು ಸೋರುವ ಮಗುವಿಗಂತೂ ಡಬ್ಬಿಗೆ ಮೊಸರನ್ನ ಬೇಡ. ಕಲಬುರಗಿ, ರಾಯಚೂರಿನಂತಹ ಬಿಸಿಲಿನಲ್ಲಿ, ಮಾರ್ಚ್ ತಿಂಗಳಿನಲ್ಲಿ, ಹಸಿಶುಂಠಿ, ಕರಿಬೇವು, ದಾಳಿಂಬೆ ಹಾಕಿದ ಮೊಸರನ್ನವನ್ನು ನಾನು ಬೇಡವೆನ್ನಲಾರೆ.

ಹುಳಿ ಪದಾರ್ಥವನ್ನು ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರದ ಡಬ್ಬಿಯಲ್ಲಿ ಹಾಕಬಾರದು. ಸ್ಟೀಲ್ ಡಬ್ಬಿ ಎಲ್ಲಕ್ಕೂ ಸರಿ. ಪಲ್ಲೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಸ್ವಲ್ಪ ಕಬ್ಬಿಣ ಆಹಾರಕ್ಕೆ ಇಳಿಯುತ್ತದೆ. ಅದು ಲಾಭವೇ. ಆದರೆ ಬೆಂದ ಮೇಲೆ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲವಾದರೆ ಪಲ್ಲೆ ಕಪ್ಪಾಗಿ, ಮೇಲೆ ಹೇಳಿದ ಹುಡುಗಿಯ ಕಥೆಯೇ ಮತ್ತೆ ಆದೀತು. ಹಣ್ಣನ್ನು ಹೆಚ್ಚಿ ಕಳುಹಿಸುವ ಬದಲು ಬಾಳೆ, ಪೇರಲ, ಬಾರೆಹಣ್ಣು ಹೀಗೆ ಇಡಿಯಾಗಿ ತಿನ್ನುವುದನ್ನು ಆರಿಸಿ. ಮನೆಯಂಗಳದ ಪೇರಲದಲ್ಲಿ ಕಿತ್ತಳೆಗಿಂತ ಹೆಚ್ಚಿನ ‘ಸಿ’ ಜೀವಸತ್ವವಿದೆ.

ನೀರಿನ ಬಾಟಲಿಯನ್ನೂ ದಿನವೂ ನೋಡಬೇಕು. ಅದು ತುಂಬಿದ್ದುದು ತುಂಬಿದಂತೆಯೇ ಮರಳಿದರೆ ಮಗುವನ್ನು ಗದರಿಸುವ ಮೊದಲು ಶಾಲೆಯ ಶೌಚಾಲಯವನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಹೆಣ್ಣುಮಕ್ಕಳು ಬಾಯಿ ಬಿಟ್ಟು ಹೇಳುವುದಿಲ್ಲ. ಅಲ್ಲಿನ ಕೊಳೆಗೆ, ಮುರಿದ ಚಿಲಕಕ್ಕೆ ಹೆದರಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ, ಅರ್ಧ ಊಟ ಬಿಟ್ಟು, ಒತ್ತಡವನ್ನು ತಡೆದುಕೊಂಡು ಕೂರುತ್ತಾರೆ. ವೇಗಧಾರಣದಿಂದ ಬರುವ ರೋಗಗಳ ಉದ್ದ ಪಟ್ಟಿ ನಮ್ಮ ಗ್ರಂಥಗಳಲ್ಲಿದೆ. ಮೂತ್ರದ ಉರಿ, ಸೋಂಕು, ಮಲಬದ್ಧತೆಗಳೊಂದಿಗೆ ಬರುವ 10–14 ವರ್ಷದ ಹುಡುಗಿಯರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇಂದು ಇದೇ ಆಗಿದೆ. ಪಾಲಕರ ಸಭೆಯಲ್ಲಿ ಅಂಕಗಳ ವಿಚಾರ ಕೇಳುವಷ್ಟೇ ಗಟ್ಟಿಯಾಗಿ ಚಿಲಕದ ವಿಚಾರವನ್ನೂ ಕೇಳಿರಿ. ಊಟಕ್ಕೆ ಬಿಡುವ ವೇಳೆ 20 ನಿಮಿಷವಾಗಿದ್ದರೆ, ಕೈತೊಳೆಯಲು ಸಾಲು ನಿಂತು ಬರುವಷ್ಟರಲ್ಲಿ ಉಳಿಯುವುದು ಹತ್ತು. ಅದನ್ನೂ ಕೇಳಿರಿ.

ಲೇಹ್ಯ ಕೇಳಲು ಬರುವವರಿಗೆ ಒಂದು ಮಾತು. ಪರೀಕ್ಷೆ ಬಂತೆಂದರೆ ಬುದ್ಧಿ ಹೆಚ್ಚುವ ಪುಡಿ, ಜ್ಞಾಪಕಶಕ್ತಿಯ ಕಷಾಯ ಬರೆದುಕೊಡಿ ಎಂದು ಬರುತ್ತಾರೆ. ನನ್ನ ವೃತ್ತಿಯವರೇ ಕೆಲವರು ಇವನ್ನು ಉತ್ಸಾಹದಿಂದ ಮಾರುತ್ತಾರೆ. ಮಕ್ಕಳ ಚಿಕಿತ್ಸೆಯನ್ನೇ ಮುಖ್ಯವಾಗಿ ಹೇಳುವ ಕಾಶ್ಯಪಸಂಹಿತೆಯು ಆಹಾರವನ್ನು ಮಹಾಭೈಷಜ್ಯ, ಮಹಾ ಔಷಧ ಎಂದು ಕರೆದಿದೆ. ಮಧ್ಯಾಹ್ನ ಉಪವಾಸವಿದ್ದ ಮಗುವಿಗೆ ಬ್ರಾಹ್ಮಿ ಕೊಟ್ಟು ಪಾಠ ತಲೆಗೆ ಹತ್ತಲೆಂದು ಕಾಯುವುದು ಎಣ್ಣೆಯಿಲ್ಲದ ಪ್ರಣತಿಗೆ ಬತ್ತಿ ಬದಲಿಸಿದಂತೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ಈ ಬುತ್ತಿಯ ಚಿಂತೆ ಕಡಿಮೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹದ ಬಿಸಿಯೂಟ ಮುಂದೆ ನಾಡಿನಾದ್ಯಂತ ಹರಡಿತು. 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಯೋಜನೆಗೆ ದಾಸೋಹವೆಂದು ಹೆಸರಿಟ್ಟವರು ಯಾರೋ, ಬಲ್ಲವರೇ ಇರಬೇಕು. ಅಲ್ಲಿ ಮಕ್ಕಳು ಸಾಲಾಗಿ ಕುಳಿತು ಒಂದೇ ಪಾತ್ರೆಯ ಅನ್ನ ಉಣ್ಣುತ್ತಾರೆ. ಯಾರ ತಟ್ಟೆಯಲ್ಲಿ ಏನಿದೆ ಎಂದು ಇಣುಕುವ ಪ್ರಮೇಯವಿಲ್ಲ. ನಾನು ಪ್ರೌಢಶಾಲೆ ಓದಿದ್ದು ಮಠವೊಂದರ ಉಚಿತ ಪ್ರಸಾದ ನಿಲಯದಲ್ಲಿ. ಜೋಳದ ನುಚ್ಚು, ನೀರು ಮಜ್ಜಿಗೆ, ಹಬ್ಬಕ್ಕೆ ಗೋಧಿ ಹುಗ್ಗಿ. ಪಕ್ಕದಲ್ಲಿ ಕುಳಿತವನು ಜಮೀನ್ದಾರರ ಮಗನೋ ಜೀತದಾಳಿನ ಮಗನೋ ತಟ್ಟೆ ನೋಡಿ ಹೇಳಲು ಬರುತ್ತಿರಲಿಲ್ಲ. ಖಾಸಗಿ ಶಾಲೆಗೆ ಮಕ್ಕಳನ್ನು ಕಳುಹಿಸುವ ನಾವು ಶುಲ್ಕ ಕಟ್ಟಿ ಕಳೆದುಕೊಂಡದ್ದು ಈ ಪಂಕ್ತಿಯನ್ನೇ ಏನೋ.

ಆ ಹುಡುಗಿಯ ವಿಷಯಕ್ಕೆ ಮರಳುತ್ತೇನೆ. ತಾಯಿ ರೊಟ್ಟಿ ಬಿಡಲಿಲ್ಲ, ಬಿಡಿರೆಂದು ನಾನೂ ಹೇಳಲಿಲ್ಲ. ವಾರದಲ್ಲಿ ಎರಡು ದಿನ ಹಿಂಡಿ ಸವರಿದ ರೊಟ್ಟಿ ಸುರುಳಿ, ಎರಡು ದಿನ ತಾಲಿಪಟ್ಟಿನ ಬಿಲ್ಲೆ, ಒಂದು ದಿನ ಪಡ್ಡು, ಶನಿವಾರ ಮಗಳು ಕೇಳಿದ್ದು ಎಂದು ಇಬ್ಬರೂ ಕುಳಿತು ಒಪ್ಪಂದ ಮಾಡಿಕೊಂಡರು. ರವಿವಾರ ಸಂಜೆ ಬಿಲ್ಲೆ ಒತ್ತುವುದನ್ನು ಮಗಳು ಕಲಿತಳು. ತಾಯಿ ಒಂದು ದಿನ ರಜೆ ಹಾಕಿ ತರಗತಿಯ ಶಿಕ್ಷಕಿಯನ್ನು ಕಂಡರು. ಆ ಶಿಕ್ಷಕಿ ಯಾರನ್ನೂ ಗದರಿಸಲಿಲ್ಲವಂತೆ. ಮರುದಿನದಿಂದ ತಮ್ಮ ಡಬ್ಬಿಯನ್ನು ಮಕ್ಕಳ ನಡುವೆಯೇ ತೆರೆದು ಕುಳಿತರು. ಅವರ ಡಬ್ಬಿಯಲ್ಲಿಯೂ ಇದ್ದುದು ರೊಟ್ಟಿ, ಕೆಂಪು ಖಾರ, ಬದನೆಕಾಯಿ.

ಮೂರು ತಿಂಗಳ ಔಷಧದ ಬಳಿಕ ಹಿಮೋಗ್ಲೋಬಿನ್ 11.2 ಆಗಿತ್ತು. ಮಕ್ಕಳ ತಜ್ಞರು ಔಷಧವನ್ನು ಇನ್ನೂ ಮುಂದುವರಿಸಿದರು. ಬಳಪ ತಿನ್ನುವುದು ತಾನಾಗಿಯೇ ನಿಂತಿತು. ಹೊಟ್ಟೆನೋವು ಈಗ ಅಪರೂಪ. ಬುಧವಾರ ಮಾತ್ರ ಡಬ್ಬಿ ಅರ್ಧ ಮರಳುತ್ತದೆ. ಕೇಳಿದರೆ, ಅಂದು ಊಟದ ಬಿಡುವಿನ ಹಿಂದೆಯೇ ಆಟದ ಪೀರಿಯಡ್ ಇದೆಯಂತೆ, ಮೈದಾನದಲ್ಲಿ ಜಾಗ ಹಿಡಿಯಲು ಓಡಬೇಕಂತೆ. ಆ ಅರ್ಧವನ್ನು ನಾಯಿಗೆ ಹಾಕದೆ ಮನೆಗೇ ತರುತ್ತಾಳೆ.